ಕಲ್ಲಿನ ಶಾಸನ, ಕಾಯಿದೆಯ ಶಾಸನ: ಹರಿಹರ ಮತ್ತು ದಾವಣಗೆರೆಯಲ್ಲಿ ಕಾನೂನಿನ ಓದು

ಕನ್ನಡದಲ್ಲಿ ‘ಶಾಸನ’ ಎಂಬ ಒಂದೇ ಮಾತು ಎರಡು ವಸ್ತುಗಳಿಗೆ ಹೆಸರಾಗಿದೆ. ದೇವಾಲಯದ ಅಂಗಳದಲ್ಲಿ ನಿಂತ ಬರಹದ ಕಲ್ಲೂ ಶಾಸನವೇ, ವಿಧಾನಮಂಡಲ ಅಂಗೀಕರಿಸಿ ರಾಜ್ಯಪತ್ರದಲ್ಲಿ ಪ್ರಕಟವಾಗುವ ಕಾಯಿದೆಯೂ ಶಾಸನವೇ. ಮೊದಲನೆಯದನ್ನು ಇತಿಹಾಸ ಮತ್ತು ಹಳಗನ್ನಡದ ವಿದ್ಯಾರ್ಥಿಗಳು ಓದುತ್ತಾರೆ, ಎರಡನೆಯದನ್ನು ಕಾನೂನಿನ ವಿದ್ಯಾರ್ಥಿಗಳು ಓದುತ್ತಾರೆ. ಈ ಎರಡು ಬಗೆಯ ಓದುಗರು ಒಂದೇ ತರಗತಿಯಲ್ಲಿ ಕೂರುವುದು ಅಪರೂಪ. ಈ ಅಗಲಿಕೆ ಬಹಳ ಹಳೆಯದಲ್ಲ ಎಂಬುದಕ್ಕೆ ತುಂಗಭದ್ರೆಯ ದಂಡೆಯ ಹರಿಹರವೂ, ಅಲ್ಲಿಂದ ಸುಮಾರು 14 ಕಿಲೋಮೀಟರು ದೂರದ ದಾವಣಗೆರೆಯೂ ಒಳ್ಳೆಯ ಸಾಕ್ಷಿಗಳು. ಒಂದೂರಿನಲ್ಲಿ ಕಾವ್ಯ ಮತ್ತು ಕರಾರು ಒಂದೇ ಕಲ್ಲಿನ ಮೇಲೆ ಅಕ್ಕಪಕ್ಕದಲ್ಲಿ ನಿಂತಿವೆ, ಇನ್ನೊಂದರಲ್ಲಿ ಇಂದಿನ ಕಾನೂನು ಪದವಿಯ ಬೋಧನೆ ನಡೆಯುತ್ತಿದೆ.

ಹರಿಹರೇಶ್ವರ ದೇವಾಲಯವನ್ನು 1224ರ ಸುಮಾರಿಗೆ ಕಟ್ಟಿಸಿದವನು ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವ. ಈತ ಸೇನಾನಿ ಮತ್ತು ಮಂತ್ರಿಯಾಗಿದ್ದುದಲ್ಲದೆ ‘ಹರಿಚರಿತ್ರೆ’ ಎಂಬ ಕೃತಿಯನ್ನು ರಚಿಸಿದ ಕವಿಯೂ ಆಗಿದ್ದನೆಂದು ಸಾಹಿತ್ಯಚರಿತ್ರೆ ಗುರುತಿಸುತ್ತದೆ. ಆಡಳಿತ ನಡೆಸುವವನೇ ಕಾವ್ಯ ಬರೆಯುವುದು ಆ ಕಾಲಕ್ಕೆ ಸೋಜಿಗದ ಸಂಗತಿಯಾಗಿರಲಿಲ್ಲ. ಭಾಷೆಯ ಮೇಲಿನ ಹಿಡಿತವು ಅಧಿಕಾರದ ಅರ್ಹತೆಗಳಲ್ಲಿ ಒಂದೆಂದು ಎಣಿಸಲ್ಪಟ್ಟಿತ್ತು. ಶಾಸನತಜ್ಞ ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೆಯ ಸಂಪುಟದಲ್ಲಿ, ಅಂದಿನ ಚಿತ್ರದುರ್ಗ ಜಿಲ್ಲೆಯ ಶಾಸನಗಳೊಡನೆ, ಹರಿಹರದ ಕಲ್ಲುಗಳ ಪಾಠವನ್ನೂ ಅಚ್ಚು ಮಾಡಿಸಿದ್ದರಿಂದ ಅವು ವಿದ್ವಾಂಸರ ಕೈಗೆ ದೊರೆತವು. ಅಂದಿನಿಂದ ಇಂದಿನವರೆಗೆ ಅವುಗಳನ್ನು ರಾಜವಂಶಗಳ ಕಾಲನಿರ್ಣಯಕ್ಕಾಗಿ ಓದಿದವರು ಅನೇಕರು, ಕಾನೂನಿನ ಪಠ್ಯಗಳೆಂದು ಓದಿದವರು ತೀರ ಕಡಿಮೆ.

ದಾನಶಾಸನದ ರಚನೆಯಲ್ಲಿ ಒಂದು ಕ್ರಮವಿದೆ. ಮೊದಲು ದೇವತಾಸ್ತುತಿ, ಬಳಿಕ ಅರಸನ ಮತ್ತು ದಾನಿಯ ಪ್ರಶಸ್ತಿ ಬರುತ್ತವೆ. ಇವು ಸಾಮಾನ್ಯವಾಗಿ ಕಂದ, ವೃತ್ತಗಳಂಥ ಪದ್ಯರೂಪದಲ್ಲಿರುತ್ತವೆ. ಅನಂತರ ಶಕವರ್ಷ, ತಿಥಿ, ಭೂಮಿಯ ಅಳತೆ, ಎಲ್ಲೆ, ಬಿಟ್ಟುಕೊಟ್ಟ ತೆರಿಗೆಗಳು ಬರುವಾಗ ಬರಹ ಗದ್ಯಕ್ಕೆ ತಿರುಗುತ್ತದೆ. ಹೊಗಳಿಕೆಗೆ ಪದ್ಯ, ಹಕ್ಕಿನ ವರ್ಗಾವಣೆಗೆ ಗದ್ಯ ಎಂಬ ಈ ವಿಭಜನೆಯನ್ನು ಗಮನಿಸಿದ ಓದುಗನಿಗೆ, ಕಾಯಿದೆಯ ಪ್ರಸ್ತಾವನೆಯು ಎಲ್ಲಿ ಮುಗಿದು ಕಟ್ಟುಪಾಡನ್ನು ಉಂಟುಮಾಡುವ ಭಾಗ ಎಲ್ಲಿ ಆರಂಭವಾಗುತ್ತದೆಂಬ ಇಂದಿನ ತರಗತಿಯ ಪ್ರಶ್ನೆ ಹೊಸದೆನಿಸುವುದಿಲ್ಲ. ಕೊನೆಯಲ್ಲಿ ಬರುವುದು ಶಾಪಾಶಯ, ಎಂದರೆ ದಾನವನ್ನು ಕೆಡಿಸಿದವನಿಗೆ ಒದಗುವ ಪಾಪವನ್ನು ಹೇಳುವ ಶ್ಲೋಕ. ದಾನಿಯೂ ಅವನ ಅರಸನೂ ತೀರಿಕೊಂಡ ಮೇಲೆ, ರಾಜ್ಯವೇ ಬೇರೊಂದು ವಂಶದ ಕೈಸೇರಿದ ಮೇಲೆ, ದಾನವನ್ನು ಕಾಯಬೇಕಾದದ್ದು ಯಾವುದೇ ಕಚೇರಿಯಲ್ಲ, ಓದುವವನ ಮನಸ್ಸಿನ ಅಂಜಿಕೆ. ಕಾನೂನಿನ ಜಾರಿಯ ಹೊಣೆಯನ್ನು ಕಾವ್ಯಕ್ಕೆ ವಹಿಸಿದ ವ್ಯವಸ್ಥೆ ಇದು.

ಹರಿಹರದ ಶಾಸನಗಳಲ್ಲಿ ಕಾನೂನಿನ ಬೋಧಕರ ಕಣ್ಣು ವಿಶೇಷವಾಗಿ ನಿಲ್ಲಬೇಕಾದದ್ದು ವಿಜಯನಗರದ ಕಾಲದ ಎರಡು ಬರಹಗಳ ಮೇಲೆ. ಸೂಳೆಕೆರೆಯಿಂದ ಹೊರಟು ಹರಿಹರದ ಬಳಿ ತುಂಗಭದ್ರೆಯನ್ನು ಕೂಡುವ ಹರಿದ್ರಾ ನದಿಗೆ ಅಣೆಕಟ್ಟನ್ನು ಕಟ್ಟಿ ಕಾಲುವೆ ತೆಗೆದ ಸಂಗತಿಯನ್ನು 1410ರ ಶಾಸನ ದಾಖಲಿಸುತ್ತದೆ. ಕಾಲುವೆಯನ್ನು ತಮ್ಮ ಸ್ವಂತ ಖರ್ಚಿನಲ್ಲಿ ತೋಡಿಸಿದವರು ಬ್ರಾಹ್ಮಣರು. ಅದು ಹಾದುಹೋದ ಭೂಮಿ ಹರಿಹರ ದೇವರದು. ಆದ್ದರಿಂದ ಆ ಕಾಲುವೆಯ ಕೆಳಗಿನ ದೇವರ ಎಲ್ಲೆಯೊಳಗಣ ಭೂಮಿಯನ್ನು ಮೂರು ಪಾಲು ಮಾಡಿ, ಎರಡು ಪಾಲನ್ನು ಖರ್ಚು ಮಾಡಿದವರಿಗೂ ಒಂದು ಪಾಲನ್ನು ದೇವರ ಭಂಡಾರಕ್ಕೂ ಸಲ್ಲಿಸಬೇಕೆಂದು ಒಪ್ಪಂದವಾಯಿತು. ಅಣೆ ಬಹುಕಾಲ ನಿಲ್ಲಲಿಲ್ಲ. ಅದು ಒಡೆದುಹೋದುದನ್ನೂ, ಬುಳ್ಳಪ್ಪನೆಂಬವನು ಸೇನಾಧಿಪತಿ ಚಾಮನೃಪಾಲನಿಂದ ಹೊನ್ನನ್ನು ಪಡೆದು ಅದನ್ನು ಮತ್ತೆ ಕಟ್ಟಿಸಿದುದನ್ನೂ 1424ರ ಶಾಸನ ತಿಳಿಸುತ್ತದೆ.

ಹದಿನಾಲ್ಕು ವರ್ಷಗಳ ಅಂತರದ ಈ ಎರಡು ಕಲ್ಲುಗಳಲ್ಲಿ ಕರಾರು ಕಾಯಿದೆಯ ತರಗತಿಗೆ ಒಂದು ಇಡೀ ವಾರ ಸಾಲುವಷ್ಟು ಪ್ರಶ್ನೆಗಳಿವೆ. ಒಬ್ಬನ ಭೂಮಿ ಮತ್ತು ಇನ್ನೊಬ್ಬನ ಬಂಡವಾಳ ಸೇರಿದಾಗ ಹುಟ್ಟುವ ಲಾಭದಲ್ಲಿ ಯಾರಿಗೆ ಎಷ್ಟು ಸಲ್ಲಬೇಕು, ಆ ಲಾಭದ ಮೂಲವೇ ಒಡೆದಾಗ ಮೊದಲಿನ ಪಾಲು ಹಾಗೆಯೇ ನಿಲ್ಲುತ್ತದೆಯೇ, ಮೂರನೆಯವನು ಹಣ ಕೊಟ್ಟು ದುರಸ್ತಿ ಮಾಡಿಸಿದರೆ ಅವನಿಗೆ ದೊರೆಯುವುದು ಹಕ್ಕೋ ಪುಣ್ಯವೋ ಎಂಬ ಪ್ರಶ್ನೆಗಳು ಅವು. ಇವೆಲ್ಲಕ್ಕಿಂತ ಆಳವಾದ ಪ್ರಶ್ನೆ ಒಪ್ಪಂದದ ಒಂದು ಪಕ್ಷವಾಗಿ ದೇವರೇ ನಿಂತಿರುವುದು. ವಿಗ್ರಹವು ಆಸ್ತಿ ಹೊಂದಬಲ್ಲ, ದಾವೆ ಹೂಡಬಲ್ಲ ‘ಕಾನೂನಾತ್ಮಕ ವ್ಯಕ್ತಿ’ ಎಂಬುದನ್ನು ವಿವರಿಸಲು ಪಠ್ಯಪುಸ್ತಕಗಳು ಪ್ರಮಥನಾಥ ಮಲ್ಲಿಕ್ ಪ್ರಕರಣದಲ್ಲಿ ಪ್ರೀವಿ ಕೌನ್ಸಿಲ್ 1925ರಲ್ಲಿ ನೀಡಿದ ತೀರ್ಪನ್ನು ಉಲ್ಲೇಖಿಸುತ್ತವೆ. ಹರಿಹರದಲ್ಲಾದರೋ ಅದಕ್ಕೆ ಐದು ಶತಮಾನಗಳ ಹಿಂದೆಯೇ ದೇವರಿಗೆ ಭಂಡಾರವಿತ್ತು, ಎಲ್ಲೆಯಿತ್ತು, ಮೂರನೆಯ ಒಂದು ಪಾಲಿತ್ತು. ಅರ್ಧ ಹರಿ, ಅರ್ಧ ಹರ ಆಗಿ ನಿಂತ ಆ ಮೂರ್ತಿಯು ಇಬ್ಬರು ದೇವರಾಗಿದ್ದೂ ಆಸ್ತಿಯ ಮಟ್ಟಿಗೆ ಒಂದೇ ವ್ಯಕ್ತಿಯಾಗಿರುವುದನ್ನು ವಿದ್ಯಾರ್ಥಿಗೆ ತೋರಿಸಿದರೆ, ಕಾನೂನಾತ್ಮಕ ವ್ಯಕ್ತಿಯೆಂಬುದು ಭಾಷೆ ಮತ್ತು ನಂಬಿಕೆಗಳು ಕೂಡಿ ಕಟ್ಟಿದ ಕಲ್ಪನೆಯೆಂಬುದು ಅವನಿಗೆ ಕಣ್ಣಾರೆ ಮನದಟ್ಟಾಗುತ್ತದೆ.

ಶಾಸನದ ಭಾಷೆ ಕಲ್ಲಿನಲ್ಲಿಯೇ ನಿಂತುಹೋಗಲಿಲ್ಲ. ವಿಜಯನಗರದ ಕಾಲದ ದಾನಪತ್ರಗಳಲ್ಲಿ ಭೂಮಿಯ ಜೊತೆಗೆ ಸಲ್ಲುವ ಎಂಟು ಬಗೆಯ ಅನುಭೋಗಗಳನ್ನು ‘ಅಷ್ಟಭೋಗ ತೇಜಸ್ವಾಮ್ಯ’ ಎಂದು ಕರೆಯುತ್ತಿದ್ದರು: ಹೂತಿಟ್ಟ ಧನವಾದ ನಿಧಿ, ಇರಿಸಿದ ಒಡವೆಯಾದ ನಿಕ್ಷೇಪ, ಜಲ, ಕಲ್ಲು ಅಥವಾ ಪಾಷಾಣ, ಸವೆಯದ ಆದಾಯವಾದ ಅಕ್ಷೀಣಿ, ಮುಂದೆ ಬರುವ ಲಾಭವಾದ ಆಗಾಮಿ, ಈಗಾಗಲೇ ಕೈಗೂಡಿದ ಸಿದ್ಧ, ದುಡಿದು ಪಡೆಯಬಹುದಾದ ಸಾಧ್ಯ. ಇದೇ ಪದಪಂಕ್ತಿ ಇಂದಿಗೂ ಪತ್ರಬರಹಗಾರರು ಬರೆಯುವ ಕ್ರಯಪತ್ರಗಳಲ್ಲಿ ಕಾಣಸಿಗುತ್ತದೆ. ನಾಲ್ಕು ದಿಕ್ಕಿನ ಎಲ್ಲೆಯನ್ನು ಹೇಳುವ ‘ಚಕ್ಕುಬಂದಿ’, ಪುತ್ರಪೌತ್ರ ಪಾರಂಪರ್ಯವಾಗಿ ಅನುಭವಿಸಿಕೊಂಡು ಹೋಗುವ ಮಾತು ಇವೂ ಅದರ ಜೊತೆಯವೇ. ಜಮೀನು ಕೊಳ್ಳುವವನು ರುಜು ಹಾಕುವ ಮುನ್ನ ಈ ಸಾಲನ್ನು ಕೇಳಿಸಿಕೊಳ್ಳುತ್ತಾನೆ, ಅರ್ಥ ಕೇಳುವುದಿಲ್ಲ. ಕಾನೂನು ಪದವೀಧರನಿಗೂ ಹಲವು ವೇಳೆ ಅದರ ಅರ್ಥ ಗೊತ್ತಿರುವುದಿಲ್ಲ, ಏಕೆಂದರೆ ಆ ಎಂಟು ಪದಗಳು ಇರುವುದು ಹಳಗನ್ನಡ ಮತ್ತು ಶಾಸನಶಾಸ್ತ್ರದ ಪಾಠದಲ್ಲಿ. ಆಸ್ತಿ ವರ್ಗಾವಣೆ ಕಾಯಿದೆಯ ಪಾಠದಲ್ಲಿ ಅವು ಬರುವುದೇ ಇಲ್ಲ. ನೆಲದಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂದು ಪ್ರತ್ಯೇಕ ಕಾಯಿದೆಯೇ ಇರುವಾಗ, ಕ್ರಯಪತ್ರದಲ್ಲಿ ‘ನಿಧಿ’ಯನ್ನು ಮಾರಿದೆನೆಂಬ ಮಾತಿಗೆ ಎಷ್ಟು ಬೆಲೆಯೆಂದು ಕೇಳಲು ಎರಡೂ ಪಾಠಗಳು ಗೊತ್ತಿರಬೇಕಾಗುತ್ತದೆ.

ಒಂದು ಪದದ ಅರ್ಥ ಬದಲಾದರೆ ಆಸ್ತಿಯ ಹಾದಿಯೇ ಬದಲಾಗುತ್ತದೆ ಎಂಬುದನ್ನು ಕನ್ನಡ ನೆಲದ ಮತ್ತೊಂದು ಗ್ರಂಥ ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ದಾವಣಗೆರೆಯ ಸುತ್ತಲ ನೊಳಂಬವಾಡಿ ನಾಡನ್ನು ಉಚ್ಚಂಗಿಯ ಪಾಂಡ್ಯರು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಸಾಮಂತರಾಗಿ ಆಳುತ್ತಿದ್ದ ಕಾಲದಲ್ಲಿಯೇ, ಆ ಚಕ್ರವರ್ತಿಯ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ‘ಸಪಿಂಡ’ ಎಂಬ ಪದದಲ್ಲಿರುವ ಪಿಂಡಕ್ಕೆ ಶ್ರಾದ್ಧದ ಅನ್ನದುಂಡೆ ಎಂದು ಅರ್ಥ ಹೇಳದೆ ದೇಹ ಎಂದು ಅರ್ಥ ಮಾಡಿದ್ದರಿಂದ, ಉತ್ತರಾಧಿಕಾರದ ಆಧಾರ ಪಿಂಡ ಹಾಕುವ ಅರ್ಹತೆಯಿಂದ ರಕ್ತಸಂಬಂಧಕ್ಕೆ ಬದಲಾಯಿತು. ಬಂಗಾಳದ ಜೀಮೂತವಾಹನನ ‘ದಾಯಭಾಗ’ ಅನ್ನದುಂಡೆಯ ಅರ್ಥವನ್ನೇ ಹಿಡಿಯಿತು. ಕೋಲ್‌ಬ್ರೂಕ್ 1810ರಲ್ಲಿ ‘ದಾಯಭಾಗ’ವನ್ನೂ ‘ಮಿತಾಕ್ಷರಾ’ದ ಉತ್ತರಾಧಿಕಾರದ ಭಾಗವನ್ನೂ ಇಂಗ್ಲಿಷಿಗೆ ತಂದ ಮೇಲೆ, ಒಂದು ಪದದ ಎರಡು ಅರ್ಥಗಳು ಬ್ರಿಟಿಷ್ ನ್ಯಾಯಾಲಯಗಳಲ್ಲಿ ಎರಡು ಕಾನೂನುಗಳಾಗಿ ನೆಲೆಗೊಂಡವು. ಮಗಳಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಪಾಲು ನೀಡಿದ ಕರ್ನಾಟಕದ 1994ರ ತಿದ್ದುಪಡಿಯನ್ನು ಮತ್ತು ಕೇಂದ್ರದ 2005ರ ತಿದ್ದುಪಡಿಯನ್ನು ದಾವಣಗೆರೆಯ ವಿದ್ಯಾರ್ಥಿ ಇಂದು ಓದುವಾಗ, ಅವು ತಿದ್ದಿದ್ದು ಈ ವ್ಯಾಖ್ಯಾನಪರಂಪರೆಯನ್ನೇ ಎಂಬುದು ತಿಳಿದಿರಬೇಕು.

ಇಷ್ಟು ಬೆಸೆದುಕೊಂಡಿದ್ದ ಎರಡು ವಿದ್ಯೆಗಳು ಬೇರಾದದ್ದು ಆಧುನಿಕ ಕಾನೂನು ಶಿಕ್ಷಣ ಇಂಗ್ಲಿಷಿನಲ್ಲಿ, ದೂರದ ನಗರಗಳಲ್ಲಿ ನೆಲೆಗೊಂಡಾಗ. ಕನ್ನಡ ನಾಡಿನ ವಿದ್ಯಾರ್ಥಿಗಳು ಮದರಾಸು, ಮುಂಬಯಿ, ಪುಣೆಗಳಿಗೆ ಹೋಗಬೇಕಾಗಿದ್ದ ಕಾಲದ ಬಳಿಕ, 1939ರಲ್ಲಿ ಬೆಳಗಾವಿಯಲ್ಲಿ ರಾಜಾ ಲಖಮಗೌಡ ಕಾನೂನು ಕಾಲೇಜು ಆರಂಭವಾಯಿತು. ಗಿರಣಿಗಳು, ಅಡಿಕೆ ಮತ್ತು ಹತ್ತಿಯ ವ್ಯಾಪಾರ, ಹರಿಹರದ ಕಿರ್ಲೋಸ್ಕರ್ ಕಾರ್ಖಾನೆ ಇವುಗಳಿಂದ ವ್ಯಾಜ್ಯಗಳೂ ವಕೀಲರೂ ಹೆಚ್ಚಿದ ದಾವಣಗೆರೆಗೆ ತನ್ನದೇ ಕಾಲೇಜು ಬಂದದ್ದು ರಾಜನಹಳ್ಳಿ ಮನೆತನದ ಹೆಸರು ಹೊತ್ತ ಆರ್.ಎಲ್. ಕಾನೂನು ಕಾಲೇಜಿನ ರೂಪದಲ್ಲಿ. ಬೆಳಗಾವಿಯ ಕಾಲೇಜನ್ನೂ ಇದೇ ಎರಡಕ್ಷರಗಳಿಂದ ಕರೆಯುವುದರಿಂದ ಇವೆರಡನ್ನು ಬೇರೆಯಾಗಿ ಗುರುತಿಸಿಕೊಳ್ಳಬೇಕಾಗುತ್ತದೆ. ದಾವಣಗೆರೆ 1997ರ ಆಗಸ್ಟ್ 15ರಂದು ಪ್ರತ್ಯೇಕ ಜಿಲ್ಲೆಯಾಯಿತು, ಹರಿಹರ ಅದರ ತಾಲ್ಲೂಕಾಗಿ ಉಳಿಯಿತು. 2009ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ರಾಜ್ಯದ ಕಾನೂನು ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. ಅದೇ ವರ್ಷ ದಾವಣಗೆರೆಗೂ ಒಂದು ವಿಶ್ವವಿದ್ಯಾಲಯ ದೊರೆಯಿತು. ಹೀಗೆ ಊರಿನ ಮಾನವಿಕ ವಿಭಾಗಗಳು ಒಂದು ವಿಶ್ವವಿದ್ಯಾಲಯಕ್ಕೆ, ಕಾನೂನು ತರಗತಿಗಳು ಇನ್ನೊಂದಕ್ಕೆ ಸೇರಿ, ಈ ಅಗಲಿಕೆ ಆಡಳಿತದ ರೂಪವನ್ನೂ ಪಡೆಯಿತು.

ಹೊರಜಗತ್ತಿನಲ್ಲಿ ಇವೆರಡನ್ನು ಮತ್ತೆ ಕೂಡಿಸುವ ಯತ್ನ ಒಂದು ಶತಮಾನಕ್ಕಿಂತ ಹಳೆಯದು. ಅಮೆರಿಕದ ಜಾನ್ ವಿಗ್‌ಮೋರ್ 1908ರಲ್ಲಿ ವಕೀಲರು ಓದಬೇಕಾದ ಕಾದಂಬರಿಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ನ್ಯಾಯಮೂರ್ತಿ ಬೆಂಜಮಿನ್ ಕಾರ್ಡೋಜೊ 1925ರಲ್ಲಿ ತೀರ್ಪಿನ ಶೈಲಿಯನ್ನೇ ಸಾಹಿತ್ಯವೆಂದು ವಿಮರ್ಶಿಸಿದರು. ಜೇಮ್ಸ್ ಬಾಯ್ಡ್ ವೈಟ್ 1973ರಲ್ಲಿ ಕಾನೂನು ವಿದ್ಯಾರ್ಥಿಗಳಿಗಾಗಿಯೇ ಈ ಓದಿನ ಪಠ್ಯಪುಸ್ತಕವನ್ನು ಬರೆದರು. ಅಲ್ಲಿಂದ ಎರಡು ಹಾದಿಗಳು ಸ್ಪಷ್ಟವಾದವು. ಕತೆ, ನಾಟಕಗಳಲ್ಲಿ ಚಿತ್ರಿತವಾದ ನ್ಯಾಯವನ್ನು ಓದುವುದು ಒಂದು, ಕಾಯಿದೆ ಮತ್ತು ತೀರ್ಪುಗಳನ್ನೇ ಭಾಷಾಕೃತಿಗಳೆಂದು ಓದುವುದು ಇನ್ನೊಂದು. ಭಾರತದಲ್ಲಿ 1988ರಲ್ಲಿ ಮೊದಲ ತಂಡವನ್ನು ಸೇರಿಸಿಕೊಂಡ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಐದು ವರ್ಷದ ಪದವಿಯಲ್ಲಿ ಇತಿಹಾಸ, ಸಮಾಜಶಾಸ್ತ್ರ, ಅರ್ಥಶಾಸ್ತ್ರಗಳನ್ನು ಕಾನೂನಿನೊಡನೆ ಹೆಣೆಯಿತು. ಆ ಮಾದರಿ ನಾಡಿನಾದ್ಯಂತ ಹರಡಿದರೂ ಹೆಣಿಗೆ ಎಲ್ಲೆಡೆ ಬಿಗಿಯಾಗಲಿಲ್ಲ. ಎಷ್ಟೋ ಕಡೆ ಮಾನವಿಕ ವಿಷಯಗಳು ಮೊದಲ ವರ್ಷಗಳಲ್ಲಿ ದಾಟಿಬಿಡಬೇಕಾದ ಪತ್ರಿಕೆಗಳಾಗಿ, ಮುಂದಿನ ಕಾನೂನು ಪಾಠಕ್ಕೆ ಸಂಬಂಧವಿಲ್ಲದೆ ಉಳಿದುಬಿಟ್ಟಿವೆ. ಇದು ದೊಡ್ಡ ನಷ್ಟ.

ಕನ್ನಡದ ವಿದ್ಯಾರ್ಥಿ ಈ ಓದಿಗೆ ಹೊರಗಿನ ಕಾದಂಬರಿಗಳನ್ನೇ ಕಾಯಬೇಕಾಗಿಲ್ಲ. ರಾಘವಾಂಕನ ‘ಹರಿಶ್ಚಂದ್ರಕಾವ್ಯ’ದಲ್ಲಿ ಸಾಲ, ಗಡುವು, ವಸೂಲಿಗೆ ಬೆನ್ನುಹತ್ತಿದ ನಕ್ಷತ್ರಿಕ, ಋಣಕ್ಕಾಗಿ ಹೆಂಡತಿ ಮಗನ ಮಾರಾಟ ಎಲ್ಲವೂ ಇವೆ. ಕಳ್ಳರು ಕೊಂದ ರಾಜಕುಮಾರನ ಶವದ ಬಳಿ ಸಿಕ್ಕ ಚಂದ್ರಮತಿ ಕೊಲೆಯ ಆರೋಪಕ್ಕೂ ಮರಣದಂಡನೆಗೂ ಗುರಿಯಾಗುವ ಭಾಗವು ಸಾಂದರ್ಭಿಕ ಸಾಕ್ಷ್ಯ, ಎಂದರೆ ಕಣ್ಣಾರೆ ಕಂಡವರಿಲ್ಲದಾಗ ಸುತ್ತಲಿನ ಸಂಗತಿಗಳಿಂದ ಅಪರಾಧವನ್ನು ಊಹಿಸುವ ಪುರಾವೆ, ಎಷ್ಟು ಮೋಸಗೊಳಿಸಬಲ್ಲದೆಂಬುದಕ್ಕೆ ಸಮರ್ಥ ಪಾಠ. ಸರ್ವೋಚ್ಚ ನ್ಯಾಯಾಲಯವು 1984ರ ಶರದ್ ಬಿರ್ಧಿಚಂದ್ ಸಾರ್ಡಾ ಪ್ರಕರಣದಲ್ಲಿ, ಸಂಗತಿಗಳ ಸರಪಳಿಯಲ್ಲಿ ಒಂದು ಕೊಂಡಿಯೂ ಕಳಚಿರಬಾರದೆಂದು ಐದು ನಿಯಮಗಳನ್ನು ಏಕೆ ಹಾಕಿತೆಂಬುದು ಚಂದ್ರಮತಿಯ ಕತೆ ಬಲ್ಲವನಿಗೆ ಬಾಯಿಪಾಠದ ಹಂಗಿಲ್ಲದೆ ಅರ್ಥವಾಗುತ್ತದೆ. ಕುವೆಂಪು ಅವರ ‘ಶೂದ್ರ ತಪಸ್ವಿ’ ನಾಟಕದಲ್ಲಿ ಶಂಬೂಕನ ಮೇಲೆ ಬಂದ ದೂರನ್ನು ರಾಮನು ಎದುರಿಸುವ ಬಗೆಯೂ, ಅದನ್ನು ಕುರಿತು ಮಾಸ್ತಿಯವರು ಎತ್ತಿದ ಆಕ್ಷೇಪವೂ ಸಮಾನತೆಯ ಪಾಠಕ್ಕೆ ಹೊಂದುತ್ತವೆ. ನಾಟಕವನ್ನು ದಾವಣಗೆರೆಗೆ ಪರಿಚಯಿಸಬೇಕಾದ ಅಗತ್ಯವೂ ಇಲ್ಲ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ಅದು.

ಈ ಓದು ಕೈಗೆಟುಕುವ ಫಲ ನೀಡುವ ಸ್ಥಳವೆಂದರೆ ವಿಚಾರಣಾ ನ್ಯಾಯಾಲಯ. ಸಂವಿಧಾನದ 348ನೆಯ ಅನುಚ್ಛೇದದ ಪ್ರಕಾರ ಉಚ್ಚ ನ್ಯಾಯಾಲಯದ ಭಾಷೆ ಇಂಗ್ಲಿಷ್. ಆದರೆ ದಾವಣಗೆರೆ, ಹರಿಹರಗಳ ನ್ಯಾಯಾಲಯಗಳಲ್ಲಿ ಸಾಕ್ಷಿಕಟ್ಟೆಯಲ್ಲಿ ನಿಲ್ಲುವವರ ಭಾಷೆ ಕನ್ನಡ, ಅದೂ ಮಧ್ಯ ಕರ್ನಾಟಕದ ಹಳ್ಳಿಯ ಕನ್ನಡ. ಫಿರ್ಯಾದಿ, ಜಾಮೀನು, ತಕರಾರು, ಕಬ್ಜಾ ಎಂಬ ಪಾರಸಿ ಅರಬಿ ಮೂಲದ ಮಾತುಗಳು, ಸಾಕ್ಷಿ, ಪ್ರಮಾಣ ಎಂಬ ಸಂಸ್ಕೃತದ ಮಾತುಗಳು, ತೀರ್ಪು ಎಂಬ ಅಚ್ಚಗನ್ನಡದ ಮಾತು ಒಂದೇ ಕಡತದಲ್ಲಿ ಸೇರುತ್ತವೆ. ‘ಹೊಡೆಯಾಕ ಬಂದ’ ಎಂದು ಸಾಕ್ಷಿ ಹೇಳಿದ್ದು ‘ಹೊಡೆದ’ ಎಂದು ದಾಖಲಾದರೆ ಆರೋಪಿಯ ಶಿಕ್ಷೆಯೇ ಬದಲಾಗಬಹುದು. ಆಡುಮಾತಿನ ಕ್ರಿಯಾಪದವನ್ನು ಅದರ ಕಾಲ, ಉದ್ದೇಶಗಳ ಸಮೇತ ಕೇಳಿಸಿಕೊಳ್ಳುವ ಕಿವಿ ಭಾಷೆಯ ತರಗತಿಯಲ್ಲಿ ತಯಾರಾಗುತ್ತದೆ, ದಂಡಸಂಹಿತೆಯನ್ನು ಎಷ್ಟು ಸಲ ಓದಿದರೂ ಅದೊಂದರಿಂದಲೇ ಬರುವುದಿಲ್ಲ.

ಹರಿದ್ರಾ ನದಿಯ ಹಳೆಯ ಅಣೆಯ ಕಾಲ ಕಳೆದು, ಈಗ ಈ ಸೀಮೆಯ ಗದ್ದೆಗಳಿಗೆ ನೀರು ಬರುವುದು ಭದ್ರಾ ನಾಲೆಯಿಂದ. ನಾಲೆಯ ಕೊನೆಯ ಭಾಗದ ದಾವಣಗೆರೆ, ಹರಿಹರ ತಾಲ್ಲೂಕುಗಳ ರೈತರು ತಮ್ಮ ಪಾಲಿನ ನೀರು ತಮಗೆ ತಲುಪಲಿಲ್ಲವೆಂದು ಬೇಸಗೆ ಬಂದಾಗಲೆಲ್ಲ ದನಿಯೆತ್ತುತ್ತಾರೆ. ಯಾರಿಗೆ ಎಷ್ಟು ಪಾಲು ಸಲ್ಲಬೇಕು, ಕಾಲುವೆಗೆ ಖರ್ಚು ಮಾಡಿದವರು ಯಾರು, ದುರಸ್ತಿಯ ಹೊಣೆ ಯಾರದು ಎಂದು 1410ರಲ್ಲಿ ಮತ್ತು 1424ರಲ್ಲಿ ಕೇಳಿಕೊಂಡು ಬರೆದಿಟ್ಟ ಕಲ್ಲುಗಳು ಇರುವುದು ಅದೇ ಹರಿಹರ ತಾಲ್ಲೂಕಿನಲ್ಲಿ, ಕಾನೂನು ಕಾಲೇಜಿನಿಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿಯಲ್ಲಿ.