ಕಾಣೆಯಾದವರ ಪ್ರಕರಣಗಳು ಮತ್ತು ಪತ್ತೆಯ ಇತಿಹಾಸ

ಒಬ್ಬ ವ್ಯಕ್ತಿ ಎಲ್ಲಿದ್ದಾನೆ, ಬದುಕಿದ್ದಾನೋ ಇಲ್ಲವೋ ಎಂಬುದು ಮನೆಯವರಿಗೆ ಗೊತ್ತಿಲ್ಲದ ಸ್ಥಿತಿಯನ್ನು ಕರ್ನಾಟಕದ ಪೊಲೀಸ್ ದಾಖಲೆಗಳು ‘ಕಾಣೆ’ ಎಂದು ಕರೆಯುತ್ತವೆ. ಜನರ ಬಾಯಲ್ಲಿ ಅದು ಮಿಸ್ಸಿಂಗ್ ಕೇಸು. ಕನ್ನಡ ಪತ್ರಿಕೆ ಓದುವವರೆಲ್ಲರಿಗೂ ಇದರ ಭಾಷೆ ಪರಿಚಿತ: ಎತ್ತರ ಇಷ್ಟು ಅಡಿ, ಕೋಲು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು, ಮನೆ ಬಿಟ್ಟಾಗ ತೊಟ್ಟಿದ್ದ ಬಟ್ಟೆ, ಆಡುವ ಭಾಷೆ, ಸುಳಿವು ಸಿಕ್ಕವರು ತಿಳಿಸಬೇಕಾದ ಠಾಣೆಯ ದೂರವಾಣಿ ಸಂಖ್ಯೆ. ಅದೇ ಪುಟದಲ್ಲಿ ಹಲವು ಸಲ ಇನ್ನೊಂದು ಪ್ರಕಟಣೆಯೂ ಇರುತ್ತದೆ. ಅಪರಿಚಿತ ಶವ ಪತ್ತೆ, ವಾರಸುದಾರರಿಗಾಗಿ ಮನವಿ. ಮೊದಲನೆಯದರಲ್ಲಿ ಹೆಸರಿದೆ, ವ್ಯಕ್ತಿಯಿಲ್ಲ. ಎರಡನೆಯದರಲ್ಲಿ ದೇಹವಿದೆ, ಹೆಸರಿಲ್ಲ. ಕರ್ನಾಟಕದಲ್ಲಿ ಬಗೆಹರಿದ ದೊಡ್ಡ ಪ್ರಕರಣಗಳನ್ನು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಈ ಎರಡು ಪಟ್ಟಿಗಳನ್ನು ಯಾರಾದರೂ ಅಕ್ಕಪಕ್ಕ ಇಟ್ಟು ಓದಿದಾಗ ಉತ್ತರ ಸಿಕ್ಕಿದೆ. ಇಡದಿದ್ದಾಗ ವರ್ಷಗಟ್ಟಲೆ ಸಿಕ್ಕಿಲ್ಲ.

ಸ್ಥಳದ ಪ್ರಶ್ನೆ

ಪಟ್ಟಿಗಳು ಬೇರೆ ಬೇರೆಯಾಗಿ ಉಳಿಯಲು ಠಾಣೆಯ ಗಡಿ ಮುಖ್ಯ ಕಾರಣ. ದಾವಣಗೆರೆ–ಹರಿಹರದ ಉದಾಹರಣೆಯಿಂದ ಇದನ್ನು ಸುಲಭವಾಗಿ ತಿಳಿಯಬಹುದು. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಕುಟುಂಬವೊಂದು ಕಾಣೆ ದೂರು ಕೊಟ್ಟರೆ ಅದು ನಗರದ ಠಾಣೆಯಲ್ಲಿ ದಾಖಲಾಗುತ್ತದೆ. ಹರಿಹರದ ಬಳಿ ತುಂಗಭದ್ರೆಯಲ್ಲಿ ದೇಹವೊಂದು ಸಿಕ್ಕರೆ ಅದು ಹರಿಹರ ಠಾಣೆಯ ಅಸ್ವಾಭಾವಿಕ ಮರಣ ಪ್ರಕರಣ, ಪೊಲೀಸರ ಮಾತಿನಲ್ಲಿ ಯುಡಿಆರ್. ಅದೇ ದೇಹ ಎದುರು ದಡಕ್ಕೆ ಸರಿದು ಕುಮಾರಪಟ್ಟಣದ ಕಡೆ ಸಿಕ್ಕರೆ ಜಿಲ್ಲೆಯೇ ಬದಲಾಗಿ ಹಾವೇರಿಗೆ ಸೇರುತ್ತದೆ. 1956ರ ಏಕೀಕರಣಕ್ಕೆ ಮುಂಚೆ ಇದೇ ಹೊಳೆ ಮೈಸೂರು ಮತ್ತು ಮುಂಬಯಿ ರಾಜ್ಯಗಳ ನಡುವಿನ ಗಡಿಯಾಗಿತ್ತು. ರೈಲು ಹಳಿಯ ಮೇಲೆ ಸಿಕ್ಕ ದೇಹ ರೈಲ್ವೆ ಪೊಲೀಸರದು. ಭದ್ರಾ ನಾಲೆಯಲ್ಲಿ ಬಿದ್ದದ್ದು ತಾಲ್ಲೂಕುಗಳನ್ನು ದಾಟಿ ಹೋಗಬಲ್ಲದು. ಬೆಂಗಳೂರು–ಪುಣೆ ಹೆದ್ದಾರಿ ಮತ್ತು ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗ ಎರಡೂ ಇಲ್ಲಿ ಹಾಯುವುದರಿಂದ ಮನೆ ಬಿಟ್ಟವರು ಒಂದು ರಾತ್ರಿಯಲ್ಲಿ ಇನ್ನೊಂದು ರಾಜ್ಯದಲ್ಲಿರುತ್ತಾರೆ.

2022ರ ಅಕ್ಟೋಬರ್ ಕೊನೆಯಲ್ಲಿ ಹೊನ್ನಾಳಿಯ ಅಂದಿನ ಶಾಸಕ ಎಂ.ಪಿ. ರೇಣುಕಾಚಾರ್ಯ ಅವರ ಸಹೋದರನ ಮಗ ಕಾರಿನೊಂದಿಗೆ ಕಾಣೆಯಾದಾಗ ಇಡೀ ಜಿಲ್ಲೆಯ ಪೊಲೀಸರು ಹುಡುಕಿದರು. ನವೆಂಬರ್ 3ರಂದು ಕಾರು ಹೊನ್ನಾಳಿ ತಾಲ್ಲೂಕಿನಲ್ಲೇ, ತುಂಗಾ ನಾಲೆಯ ನೀರಿನಡಿ ಸಿಕ್ಕಿತು. ಒಳಗೆ ದೇಹವಿತ್ತು. ಅಪಘಾತವೋ ಕೊಲೆಯೋ ಎಂಬ ವಿವಾದ ಎದ್ದು ತನಿಖೆ ಸಿಐಡಿಗೆ ಹೋಯಿತು. ಪ್ರಭಾವಿ ಮನೆತನದ ಪ್ರಕರಣದಲ್ಲೇ ನಾಲ್ಕೈದು ದಿನ ಹಿಡಿದ ಕೆಲಸ ಕೂಲಿಕಾರರ ಮನೆಯ ದೂರಿಗೆ ಎಷ್ಟು ಹಿಡಿಯುತ್ತದೆ ಎಂಬುದನ್ನು ಓದುಗರೇ ಊಹಿಸಬಹುದು.

ಹಳೆಯ ಕಾಲದ ರೂಢಿ

ಪೊಲೀಸ್ ಠಾಣೆಗಳಿಲ್ಲದ ಕಾಲದಲ್ಲೂ ಬಾರದವರ ಲೆಕ್ಕ ಮುಗಿಸಲು ಸಮಾಜಕ್ಕೊಂದು ದಾರಿ ಬೇಕಿತ್ತು. ಧರ್ಮಶಾಸ್ತ್ರಗಳು ದೇಶಾಂತರ ಹೋಗಿ ಸುದ್ದಿಯಿಲ್ಲದವನಿಗೆ ಸಾಮಾನ್ಯವಾಗಿ 12 ವರ್ಷ ಕಾಯಬೇಕೆಂದವು. ಆಮೇಲೆ ಮುತ್ತುಗದ ಎಲೆ ಅಥವಾ ಕಾಂಡಗಳಿಂದ ಆಕೃತಿ ಮಾಡಿ ಅದಕ್ಕೇ ದಹನ ಸಂಸ್ಕಾರ ಮಾಡುವ ವಿಧಿಯನ್ನು ಹೇಳಿದವು. ಹಾಗೆ ಕರ್ಮ ಮುಗಿದ ಮೇಲೆ ಆತ ತಿರುಗಿ ಬಂದರೆ ಜಾತಕರ್ಮದಿಂದ ಮೊದಲುಗೊಂಡು ಸಂಸ್ಕಾರಗಳನ್ನೆಲ್ಲ ಮತ್ತೆ ಮಾಡಿ, ತನ್ನ ಹೆಂಡತಿಯನ್ನೇ ಮರಳಿ ಮದುವೆಯಾಗಬೇಕಿತ್ತು. ಹುಡುಕಾಟಕ್ಕೆ ಹಳ್ಳಿಗಳಲ್ಲಿ ಕಣಿ ಕೇಳುವುದು, ವೀಳ್ಯದೆಲೆಯ ಮೇಲೆ ಅಂಜನ ಹಾಕಿಸುವುದು, ದೇವರಲ್ಲಿ ಹೂ ಕೇಳುವುದು ಇದ್ದವು. ಈಗಲೂ ಇವೆ. ಇವುಗಳಿಂದ ವ್ಯಕ್ತಿ ಸಿಗುವುದಿಲ್ಲ. ಆದರೆ ಠಾಣೆಯಲ್ಲಿ ಯಾರೂ ಕೂರಿಸಿ ಮಾತಾಡಿಸದ ತಾಯಿಗೆ ಅಲ್ಲಿ ಒಬ್ಬರು ಕೇಳುವವರು ಸಿಗುತ್ತಾರೆ ಎಂಬುದನ್ನು ಮರೆಯಬಾರದು.

ಕಾಣೆಯಾದವನ ಹೆಸರನ್ನು ಹೊತ್ತು ಬಂದವರ ಕಥೆಗಳೂ ಇತಿಹಾಸದಲ್ಲಿವೆ. ಬಿದನೂರಿನ ಅರಸ ಚನ್ನಬಸವ ನಾಯಕ ರಾಣಿ ವೀರಮ್ಮಾಜಿಯ ಕಾಲದಲ್ಲಿ ಕೊಲೆಯಾದನೆಂಬ ಸುದ್ದಿ ಹಬ್ಬಿತ್ತು. ಕೆಲವು ವರ್ಷಗಳ ಮೇಲೆ, ಹೈದರಾಲಿ ಚಿತ್ರದುರ್ಗದ ಸೀಮೆಯಲ್ಲಿದ್ದಾಗ, ಅಲ್ಲಿನ ಪಾಳೆಯಗಾರನು ಒಬ್ಬ ತರುಣನನ್ನು ಅವನೆದುರು ನಿಲ್ಲಿಸಿದ. ನಾನೇ ಆ ಅರಸ, ಕತ್ತು ಹಿಸುಕಲು ಬಂದ ಜಟ್ಟಿಯೇ ಕರುಣೆಯಿಂದ ನನ್ನನ್ನು ಉಳಿಸಿ ಬಚ್ಚಿಟ್ಟ ಎಂಬುದು ಅವನ ಮಾತು. ನಿಜವೋ ಸುಳ್ಳೋ ಪರೀಕ್ಷಿಸುವ ಗೋಜಿಗೆ ಹೈದರಾಲಿ ಹೋಗಲಿಲ್ಲ. ಅವನ ಹಕ್ಕಿನ ನೆಪದಲ್ಲಿ 1763ರಲ್ಲಿ ಬಿದನೂರನ್ನು ಹಿಡಿದ. ಕೊನೆಗೆ ರಾಣಿಯನ್ನೂ ಆ ತರುಣನನ್ನೂ ಒಟ್ಟಿಗೇ ಮಧುಗಿರಿಯ ಸೆರೆಗೆ ಕಳಿಸಿದ. ಆತ ಯಾರೆಂಬುದು ಇಂದಿಗೂ ತೀರ್ಮಾನವಾಗಿಲ್ಲ. ಬಂಗಾಳದ ಭವಾಲ್ ಸಂನ್ಯಾಸಿಯ ಪ್ರಕರಣ ಇದಕ್ಕೆ ತದ್ವಿರುದ್ಧ. 1909ರಲ್ಲಿ ಸತ್ತನೆಂದು ನಂಬಲಾಗಿದ್ದ ಜಮೀನ್ದಾರ 1921ರಲ್ಲಿ ಸಂನ್ಯಾಸಿಯಾಗಿ ಕಾಣಿಸಿಕೊಂಡ. ಅವನ ದೇಹದ ಗುರುತುಗಳನ್ನು ನ್ಯಾಯಾಲಯಗಳು ಒಂದೊಂದಾಗಿ ತೂಗಿ ನೋಡಿ, 1946ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಅವನ ಪರವಾಗಿ ನಿಂತಿತು.

ಏಳು ವರ್ಷದ ಕಾನೂನು

ಏಳು ವರ್ಷದ ಗಡುವು ಇಂಗ್ಲೆಂಡಿನ 17ನೆಯ ಶತಮಾನದ ಕಾಯಿದೆಗಳಿಂದ ಬಂದದ್ದು. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 108ನೆಯ ಕಲಂ ಅದನ್ನು ಇಲ್ಲಿಗೆ ತಂದಿತು. ಬದುಕಿದ್ದರೆ ಸಹಜವಾಗಿ ಯಾರಿಗೆ ಸುದ್ದಿ ತಲುಪಬೇಕಿತ್ತೋ ಅವರಿಗೆ ಏಳು ವರ್ಷ ಸುದ್ದಿ ಇಲ್ಲದಿದ್ದರೆ, ಆತ ಬದುಕಿದ್ದಾನೆ ಎನ್ನುವವರೇ ಅದನ್ನು ರುಜುವಾತು ಮಾಡಬೇಕು. ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಈ ನಿಯಮ ಉಳಿದಿದೆ. ಇದು ಸಾವಿನ ಊಹೆ ಮಾತ್ರ, ಸಾವಿನ ದಿನಾಂಕದ ಊಹೆಯಲ್ಲ ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಜೀವ ವಿಮಾ ನಿಗಮದ ಪ್ರಕರಣವೊಂದರಲ್ಲಿ ಹೇಳಿತು. ಹೀಗಾಗಿ ಕಾಣೆಯಾದ ದಿನವೇ ಸತ್ತನೆಂದು ಹಿಡಿದು, ಅಲ್ಲಿಂದೀಚೆಗೆ ಕಂತು ನಿಂತುಹೋದ ವಿಮೆಯ ಹಣ ಕೇಳಲು ಮನೆಯವರಿಗೆ ಬರುವುದಿಲ್ಲ. 1955ರ ಹಿಂದೂ ವಿವಾಹ ಕಾಯಿದೆ ಏಳು ವರ್ಷದ ಮೌನವನ್ನು ವಿಚ್ಛೇದನಕ್ಕೆ ಕಾರಣವೆಂದು ಒಪ್ಪುತ್ತದೆ. 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯಿದೆಯಲ್ಲಿ ಗಂಡನ ಸುಳಿವಿಲ್ಲದ ಹೆಣ್ಣುಮಗಳು ಕಾಯಬೇಕಾದದ್ದು ನಾಲ್ಕು ವರ್ಷ.

ಈ ಗಡುವಿನ ಭಾರವೆಲ್ಲ ಹೆಂಗಸರ ಮೇಲೆ ಬೀಳುತ್ತದೆ. ಗಂಡ ಕಾಣೆಯಾದವಳಿಗೆ ವಿಧವಾ ವೇತನ ಬರುವುದಿಲ್ಲ, ಪಹಣಿಯಲ್ಲಿ ಹೆಸರು ಬದಲಾಗುವುದಿಲ್ಲ, ಅವನ ಬ್ಯಾಂಕ್ ಖಾತೆಯ ಹಣ ಕೈಗೆ ಬರುವುದಿಲ್ಲ. ಏಳು ವರ್ಷ ಮುಗಿದರೂ ಮರಣ ಪತ್ರ ತಾನಾಗಿ ಬಾರದು, ಸಾಮಾನ್ಯವಾಗಿ ಸಿವಿಲ್ ನ್ಯಾಯಾಲಯದ ಆದೇಶ ಬೇಕು.

ಎರಡು ಪಟ್ಟಿಗಳು ಸೇರಿದಾಗ

ಬೆಂಗಳೂರಿನ ಶಕೀರೆ ನಮಾಜಿ ಮೈಸೂರಿನ ದಿವಾನ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು. 1991ರ ಮೇ ಕೊನೆಯಿಂದ ಅವರು ಯಾರಿಗೂ ಕಾಣಲಿಲ್ಲ. ಎರಡನೆಯ ಗಂಡ, ಸ್ವಾಮಿ ಶ್ರದ್ಧಾನಂದ ಎಂದು ಕರೆಸಿಕೊಳ್ಳುತ್ತಿದ್ದ ಮುರಳಿ ಮನೋಹರ ಮಿಶ್ರಾ, ಕೇಳಿದವರಿಗೆಲ್ಲ ಒಂದೊಂದು ಊರಿನ ಹೆಸರು ಹೇಳುತ್ತ ಹೋದ. ಮಗಳು 1992ರಲ್ಲಿ ದೂರು ಕೊಟ್ಟರು. 1994ರ ಮಾರ್ಚ್ 30ರಂದು ರಿಚ್ಮಂಡ್ ರಸ್ತೆಯ ಅವರದೇ ಮನೆಯ ಅಂಗಳವನ್ನು ಅಗೆದಾಗ ಪೆಟ್ಟಿಗೆಯಲ್ಲಿ ಅವಶೇಷ ಸಿಕ್ಕಿತು. ತಲೆಬುರುಡೆಯ ಮೇಲೆ ಭಾವಚಿತ್ರವನ್ನು ಹೊಂದಿಸಿ ನೋಡುವ ವಿಧಾನ ಮತ್ತು ಡಿಎನ್‌ಎ ಪರೀಕ್ಷೆಯಿಂದ ಗುರುತು ಸಾಬೀತಾಯಿತು. ಕರ್ನಾಟಕದ ಕಾಣೆ ಪ್ರಕರಣವೊಂದರಲ್ಲಿ ಡಿಎನ್‌ಎ ಇಷ್ಟು ಮುಖ್ಯವಾದದ್ದು ಆ ಕಾಲಕ್ಕೆ ಹೊಸದು. 2008ರಲ್ಲಿ ಸುಪ್ರೀಂ ಕೋರ್ಟ್ ಅಪರಾಧಿಯ ಮರಣದಂಡನೆಯನ್ನು ಬಿಡುಗಡೆಯಿಲ್ಲದ ಆಜೀವ ಸೆರೆಗೆ ಬದಲಿಸಿತು. ದೇಶದ ದಂಡನೆಯ ಕಾನೂನಿನಲ್ಲಿ ಆ ತೀರ್ಪು ಒಂದು ಮೈಲಿಗಲ್ಲು.

ಇದಕ್ಕಿಂತ ದೊಡ್ಡ ಪಾಠ ಕರಾವಳಿಯದು. 2003ರಿಂದ 2009ರವರೆಗೆ ದಕ್ಷಿಣ ಕನ್ನಡ, ಕಾಸರಗೋಡು, ಕೊಡಗಿನ ಕಡೆಯ ಬಡ ಮನೆಗಳ ಯುವತಿಯರು ಒಬ್ಬೊಬ್ಬರಾಗಿ ಕಾಣೆಯಾದರು. ಅದೇ ವರ್ಷಗಳಲ್ಲಿ ಮೈಸೂರು, ಬೆಂಗಳೂರು, ಹಾಸನ, ಮಡಿಕೇರಿಯ ಬಸ್ ನಿಲ್ದಾಣಗಳ ಶೌಚಾಲಯಗಳಲ್ಲಿ ಒಳಗಿನಿಂದ ಚಿಲಕ ಹಾಕಿದ ಸ್ಥಿತಿಯಲ್ಲಿ ಹೆಂಗಸರ ದೇಹಗಳು ಸಿಗುತ್ತಿದ್ದವು. ಒಳ್ಳೆಯ ಸೀರೆ, ಮೈಮೇಲೆ ಒಡವೆ ಇಲ್ಲ. ಆತ್ಮಹತ್ಯೆಯಿರಬೇಕು ಎಂದು ಪಂಚನಾಮೆ ಮುಗಿಯುತ್ತಿತ್ತು, ಅಪರಿಚಿತ ಶವವೆಂದು ಹೂಳುತ್ತಿದ್ದರು. ಊರಿನಲ್ಲಿ ಮಾತ್ರ, ಯಾರದೋ ಜೊತೆ ಓಡಿಹೋದಳು ಎಂಬ ಮಾತು ಮನೆಯವರ ಬಾಯಿ ಕಟ್ಟಿಹಾಕಿತ್ತು. ವರದಕ್ಷಿಣೆ ಕೊಡಲಾಗದೆ ಮದುವೆ ತಡವಾದ ಹೆಣ್ಣುಮಕ್ಕಳನ್ನೇ ಆರಿಸಿ, ಮದುವೆಯ ಮಾತು ಕೊಟ್ಟು ದೂರದ ಊರಿಗೆ ಕರೆದೊಯ್ದು, ಗರ್ಭ ನಿಲ್ಲದಿರುವ ಗುಳಿಗೆ ಎಂದು ನಂಬಿಸಿ ಸಯನೈಡ್ ಕೊಡುತ್ತಿದ್ದವನು ಶಾಲಾ ಶಿಕ್ಷಕನಾಗಿದ್ದ ಮೋಹನ್ ಕುಮಾರ್.

2009ರ ಜೂನ್‌ನಲ್ಲಿ ಬಂಟ್ವಾಳ ತಾಲ್ಲೂಕಿನ ಯುವತಿಯೊಬ್ಬಳು ಕಾಣೆಯಾದಾಗ ಊರವರು ಠಾಣೆಯ ಮುಂದೆ ಪ್ರತಿಭಟಿಸಿದರು. ಆ ಒತ್ತಡವೇ ತನಿಖೆಯನ್ನು ಮುಂದೆ ತಳ್ಳಿತು. ಆಕೆಯ ಮೊಬೈಲ್ ಕರೆಗಳ ಜಾಡು ಕಾಣೆಯಾಗಿದ್ದ ಇನ್ನೊಬ್ಬ ಹೆಣ್ಣುಮಗಳ ಸಂಖ್ಯೆಗೆ, ಅಲ್ಲಿಂದ ಮತ್ತೊಬ್ಬಳ ಸಂಖ್ಯೆಗೆ ಒಯ್ದಿತು. ಅಕ್ಟೋಬರ್‌ನಲ್ಲಿ ಬಂಧನವಾಯಿತು. ಆಮೇಲೆ ಹಳೆಯ ಯುಡಿಆರ್ ಕಡತಗಳ ಫೋಟೋಗಳನ್ನು ತೆಗೆಸಿ ಮನೆಯವರಿಗೆ ತೋರಿಸಿ ಗುರುತು ಹಿಡಿಸಲಾಯಿತು. ಒಟ್ಟು 20 ಕೊಲೆಗಳ ವಿಚಾರಣೆ ನಡೆದು, ಮೊದಲ ಶಿಕ್ಷೆ 2013ರ ಡಿಸೆಂಬರ್‌ನಲ್ಲೂ ಕೊನೆಯದು 2020ರ ಜೂನ್‌ನಲ್ಲೂ ಪ್ರಕಟವಾಯಿತು. ಆ ಫೋಟೋಗಳು ವರ್ಷಗಳಿಂದ ಸರಕಾರದ ಕಪಾಟುಗಳಲ್ಲೇ ಇದ್ದವು. ಮೊದಲ ಎರಡು ಮೂರು ಸಾವುಗಳಾದ ಮೇಲೆ ಮೈಸೂರಿನ ಪಟ್ಟಿಯನ್ನು ಮಂಗಳೂರಿನ ಪಟ್ಟಿಯ ಜೊತೆ ಹೋಲಿಸಿದ್ದರೆ ಉಳಿದವರು ಬದುಕುತ್ತಿದ್ದರು ಎಂದು ಈ ಲೇಖಕ ನಂಬುತ್ತಾನೆ.

ಉತ್ತರ ಬಾರದವು

2017ರ ಡಿಸೆಂಬರ್ 18ರಂದು ಬೆಂಗಳೂರಿನ ವೈಟ್‌ಫೀಲ್ಡ್‌ನಿಂದ ತರುಣ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಕಾರಿನೊಂದಿಗೆ ಹೊರಟವರು ಹಿಂದಿರುಗಲಿಲ್ಲ. ಆ ಕಾರನ್ನು ಅವರು ಆನ್‌ಲೈನ್‌ನಲ್ಲಿ ಮಾರಾಟಕ್ಕಿಟ್ಟಿದ್ದರು. ಕುಟುಂಬ ಹೈಕೋರ್ಟಿಗೆ ಹೋಯಿತು, ಸಿಐಡಿಯಿಂದ ತನಿಖೆ ಸಿಬಿಐ ಕೈಗೆ ಹೋಯಿತು.

ಮಲ್ಪೆಯ ಸುವರ್ಣ ತ್ರಿಭುಜ ದೋಣಿಯದು ಬೇರೆ ಬಗೆಯ ದುಃಖ. 2018ರ ಡಿಸೆಂಬರ್ 13ರಂದು ಉಡುಪಿ ಮತ್ತು ಉತ್ತರ ಕನ್ನಡದ ಏಳು ಮೀನುಗಾರರನ್ನು ಹೊತ್ತು ಹೊರಟ ದೋಣಿ 15ರ ನಸುಕಿನಿಂದ ಸಂಪರ್ಕಕ್ಕೆ ಸಿಗಲಿಲ್ಲ. 2019ರ ಜನವರಿ 6ರಂದು ಸಾವಿರಾರು ಮೀನುಗಾರರು ಉಡುಪಿಯಲ್ಲಿ ಹೆದ್ದಾರಿ ತಡೆದರು. ಅದೇ ವರ್ಷದ ಮೇ ತಿಂಗಳ ಹೊತ್ತಿಗೆ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಮಹಾರಾಷ್ಟ್ರದ ಮಾಲ್ವಣದಾಚೆ ಸಮುದ್ರತಳದಲ್ಲಿ ದೋಣಿಯ ಅವಶೇಷ ಪತ್ತೆಮಾಡಿತು. ಏಳು ಜನರಲ್ಲಿ ಒಬ್ಬರ ದೇಹವೂ ಸಿಗಲಿಲ್ಲ. 2024ರ ಜುಲೈ 16ರ ಅಂಕೋಲಾದ ಶಿರೂರು ಗುಡ್ಡ ಕುಸಿತದಲ್ಲಿ ಸಿಲುಕಿದ ಕೇರಳದ ಲಾರಿಯೊಂದನ್ನು ಎರಡು ತಿಂಗಳ ಮೇಲೆ ಗಂಗಾವಳಿ ನದಿಯಿಂದ ಚಾಲಕನ ದೇಹದ ಸಮೇತ ಎತ್ತಲಾಯಿತು. ಸ್ಥಳೀಯರಿಬ್ಬರು ಮಾತ್ರ ಸಿಗದೇ ಹೋದರು.

ಧರ್ಮಸ್ಥಳದ ಸುತ್ತ ಹಲವು ದೇಹಗಳನ್ನು ಹೂತಿದ್ದೇನೆಂದು ಒಬ್ಬ ವ್ಯಕ್ತಿ ಹೇಳಿದ್ದರಿಂದ 2025ರ ಜುಲೈನಲ್ಲಿ ರಾಜ್ಯ ಸರಕಾರ ವಿಶೇಷ ತನಿಖಾ ತಂಡ ರಚಿಸಿತು. ತಂಡ ಹಲವೆಡೆ ನೆಲ ಅಗೆಸಿತು. ಆಗಸ್ಟ್‌ನಲ್ಲಿ ದೂರುದಾರನನ್ನೇ ಬಂಧಿಸಿತು. ಆರೋಪದ ಸತ್ಯಾಸತ್ಯ ನ್ಯಾಯಾಲಯದ್ದು. ಆದರೆ ಆ ಗದ್ದಲದ ನಡುವೆ ಬೆಳಕಿಗೆ ಬಂದ ಒಂದು ಸಂಗತಿ ಈ ಲೇಖನಕ್ಕೆ ಮುಖ್ಯ. 2000ರಿಂದ 2015ರವರೆಗಿನ ಅಸ್ವಾಭಾವಿಕ ಮರಣಗಳ ಕಡತಗಳನ್ನು ನಾಶಪಡಿಸಲಾಗಿದೆ ಎಂದು ಬೆಳ್ತಂಗಡಿ ಠಾಣೆ ಮಾಹಿತಿ ಹಕ್ಕಿನಡಿ ಉತ್ತರಿಸಿತ್ತೆಂದು ವರದಿಯಾಯಿತು. ಹೆಸರಿಲ್ಲದ ದೇಹದ ಫೋಟೋ ಹೋದರೆ, ಯಾವುದೋ ಮನೆಯ ಪ್ರಶ್ನೆಗೆ ಇದ್ದ ಒಂದೇ ಉತ್ತರವೂ ಹೋದಂತೆ.

ಪತ್ತೆಯ ವ್ಯವಸ್ಥೆ

ದೂರು ಕೊಡಲು 24 ಗಂಟೆ ಕಾಯಬೇಕೆಂಬ ನಿಯಮ ಯಾವ ಕಾನೂನಿನಲ್ಲೂ ಇಲ್ಲ. ಆ ನಂಬಿಕೆ ಎಷ್ಟೋ ಮನೆಗಳಲ್ಲಿ ಮೊದಲ ದಿನವನ್ನು ಕಳೆಯುತ್ತದೆ. ಮಕ್ಕಳ ವಿಷಯದಲ್ಲಿ ಕಾನೂನು ಗಟ್ಟಿಯಾಗಿದೆ. ಬಚಪನ್ ಬಚಾವೋ ಆಂದೋಲನದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2013ರ ಮೇ 10ರಂದು, ಮಗು ಕಾಣೆಯಾದ ಪ್ರತಿ ದೂರಿಗೂ ಎಫ್‌ಐಆರ್ ಆಗಬೇಕು, ಅಪಹರಣ ಅಥವಾ ಸಾಗಣೆ ಎಂದೇ ಮೊದಲು ಭಾವಿಸಬೇಕು ಎಂದಿತು. ನಾಲ್ಕು ತಿಂಗಳಲ್ಲಿ ಸಿಗದಿದ್ದರೆ ಪ್ರಕರಣ ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಹೋಗಬೇಕು. 1098 ಸಹಾಯವಾಣಿ, ಟ್ರ್ಯಾಕ್ ಚೈಲ್ಡ್ ಮತ್ತು 2015ರ ಖೋಯಾ–ಪಾಯಾ ಜಾಲತಾಣಗಳು ಮಕ್ಕಳ ಹುಡುಕಾಟಕ್ಕೆ ನೆರವಾಗಲು ಬಂದವು. ರೈಲು ನಿಲ್ದಾಣಗಳಲ್ಲಿ ಒಂಟಿಯಾಗಿ ಸಿಕ್ಕ ಮಕ್ಕಳನ್ನು ರೈಲ್ವೆ ಸಂರಕ್ಷಣಾ ಪಡೆ ‘ನನ್ಹೇ ಫರಿಶ್ತೇ’ ಕಾರ್ಯಕ್ರಮದಡಿ ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸುತ್ತದೆ. 2017ರಲ್ಲಿ ಬೆಂಗಳೂರಿನ ಸರಕಾರಿ ಬಾಲಮಂದಿರವೊಂದರಲ್ಲಿ ಆಧಾರ್ ನೋಂದಣಿ ನಡೆದಾಗ ಕೆಲವು ಮಕ್ಕಳ ಅರ್ಜಿ ತಿರಸ್ಕೃತವಾಯಿತು. ಅವರ ಬೆರಳಚ್ಚು ಆಗಲೇ ದಾಖಲಾಗಿತ್ತು. ಮಾತಿನಲ್ಲಿ ಊರು ಹೇಳಲಾರದ ಆ ಮಕ್ಕಳ ಮನೆಗಳು ಹಾಗೆ ಬೇರೆ ರಾಜ್ಯಗಳಲ್ಲಿ ಪತ್ತೆಯಾದವು.

ವಯಸ್ಕರ ಹುಡುಕಾಟ ಹಿಂದುಳಿದಿದೆ. 2019ರಿಂದ 2021ರವರೆಗಿನ ಮೂರು ವರ್ಷಗಳಲ್ಲಿ ದೇಶದಲ್ಲಿ 18 ದಾಟಿದ 10,61,648 ಹೆಂಗಸರು ಮತ್ತು 2,51,430 ಬಾಲಕಿಯರು ಕಾಣೆಯಾದರೆಂದು ಕೇಂದ್ರ ಗೃಹ ಸಚಿವಾಲಯ ಸಂಸತ್ತಿಗೆ ತಿಳಿಸಿತು. ಇವರಲ್ಲಿ ತಾವಾಗಿಯೇ ಮನೆ ಬಿಟ್ಟವರೂ ಇದ್ದಾರೆ. ಹೇಬಿಯಸ್ ಕಾರ್ಪಸ್ ಅರ್ಜಿಯ ಮೇಲೆ ಹೈಕೋರ್ಟಿನ ಮುಂದೆ ಬಂದು, ನನ್ನ ಇಚ್ಛೆಯಿಂದ ಹೋದೆ ಎನ್ನುವ ವಯಸ್ಕ ಹೆಣ್ಣಿನ ಮಾತನ್ನು ನ್ಯಾಯಾಲಯ ಒಪ್ಪುತ್ತದೆ, ಒಪ್ಪಬೇಕು ಕೂಡ. ಆದರೆ ಓಡಿಹೋಗಿರಬೇಕು ಎಂಬ ಊಹೆಯನ್ನು ಹುಡುಕುವ ಮೊದಲೇ ಕಡತದಲ್ಲಿ ಬರೆದಿಡುವುದು ಬೇರೆ. ಕರಾವಳಿಯ ಕೊಲೆಗಾರನಿಗೆ ಆರು ವರ್ಷ ಕಾವಲಾಗಿ ನಿಂತದ್ದು ಆ ಊಹೆಯೇ.

ತಂತ್ರಜ್ಞಾನದ ಕೊರತೆ ಈಗ ಮೊದಲಿನಷ್ಟಿಲ್ಲ. ಠಾಣೆಗಳನ್ನು ಬೆಸೆಯುವ ಸಿಸಿಟಿಎನ್‌ಎಸ್ ಜಾಲವಿದೆ. ದಾವಣಗೆರೆಯಲ್ಲೇ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯವಿದೆ. ಇಲ್ಲದಿರುವುದು, ಹೂಳುವ ಮುನ್ನ ಪ್ರತಿಯೊಂದು ಅಪರಿಚಿತ ದೇಹದಿಂದ ಮಾದರಿ ತೆಗೆದು, ಕಾಣೆಯಾದವರ ತಂದೆ ತಾಯಿಯ ಮಾದರಿಯೊಂದಿಗೆ ಹೋಲಿಸುವ ರಾಷ್ಟ್ರೀಯ ಡಿಎನ್‌ಎ ಕೋಶ. ಅದಕ್ಕಾಗಿ 2019ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ್ದ ಮಸೂದೆ ಖಾಸಗಿತನದ ಆಕ್ಷೇಪಗಳನ್ನು ಎದುರಿಸಿತು. 2023ರ ಜುಲೈನಲ್ಲಿ ಸರಕಾರ ಅದನ್ನು ಹಿಂತೆಗೆದುಕೊಂಡಿತು. ಅಪರಾಧಿಗಳ ಕೋಶದಿಂದ ಬೇರ್ಪಡಿಸಿ, ಕಾಣೆಯಾದವರು ಮತ್ತು ಅಪರಿಚಿತ ಮೃತರಿಗಷ್ಟೇ ಸೀಮಿತವಾದ ಕಾನೂನು ತರಲು ಆ ಆಕ್ಷೇಪಗಳು ಅಡ್ಡಿಯಾಗಬೇಕಿಲ್ಲ.