ಪ್ರಾದೇಶಿಕ ಇಂಧನದ ರಾಜಕೀಯ ಅರ್ಥಶಾಸ್ತ್ರ: ಕರ್ನಾಟಕದ ಅಧ್ಯಯನಗಳು ನಡೆದುಬಂದ ದಾರಿ

ಒಂದು ಪ್ರದೇಶದಲ್ಲಿ ಇಂಧನವು ಯಾರಿಗೆ, ಯಾವ ದರಕ್ಕೆ, ಯಾರ ಖರ್ಚಿನಲ್ಲಿ ದೊರೆಯುತ್ತದೆ ಎಂಬುದನ್ನು ಅಧಿಕಾರ ಮತ್ತು ಹಣ ಎರಡರ ಲೆಕ್ಕದಲ್ಲೂ ಪರಿಶೀಲಿಸುವ ಶಿಸ್ತೇ ಪ್ರಾದೇಶಿಕ ಇಂಧನದ ರಾಜಕೀಯ ಅರ್ಥಶಾಸ್ತ್ರ. ಸಂವಿಧಾನದಲ್ಲಿ ವಿದ್ಯುತ್ತು ಸಮವರ್ತಿ ಪಟ್ಟಿಯಲ್ಲಿದ್ದರೂ ವಿತರಣೆಯ ಹೊಣೆ ಬಹುಪಾಲು ರಾಜ್ಯಗಳದೇ ಆಗಿರುವುದರಿಂದ, ಭಾರತದಲ್ಲಿ ಈ ಶಿಸ್ತಿನ ಸ್ನಾತಕೋತ್ತರ ವ್ಯಾಸಂಗಕ್ಕೆ ರಾಜ್ಯವೇ ಸಹಜವಾದ ಘಟಕವಾಗಿದೆ. ಈ ವಿಷಯದಲ್ಲಿ ಕರ್ನಾಟಕದಷ್ಟು ದೀರ್ಘ ಇತಿಹಾಸವುಳ್ಳ ರಾಜ್ಯಗಳು ಕಡಿಮೆ.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲುಪಿದಂದಿನಿಂದ ಶರಾವತಿ ಯೋಜನೆಯ ಕಾಲದವರೆಗೆ ಬಂದ ಬರಹಗಳು ಹೆಚ್ಚಾಗಿ ಅಣೆಕಟ್ಟು, ಯಂತ್ರ ಮತ್ತು ಉತ್ಪಾದನಾ ಸಾಮರ್ಥ್ಯವನ್ನು ಕುರಿತವು. ಬಳಕೆದಾರರು ಯಾರೆಂಬ ಪ್ರಶ್ನೆ ಅವುಗಳಲ್ಲಿ ಹಿಂದೆ ಸರಿದಿತ್ತು. ಆ ಪ್ರಶ್ನೆಯನ್ನು ಮುಂದಕ್ಕೆ ತಂದವರು ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ಕೆ. ಎನ್. ರೆಡ್ಡಿ. ಅವರ ಮುಂದಾಳತ್ವದಲ್ಲಿ 1974ರಲ್ಲಿ ಆರಂಭವಾದ, ಅದೇ ಹೆಸರಿನ ಒಲೆಯ ಮೂಲಕ ಮನೆಮಾತಾದ ಗ್ರಾಮೀಣ ತಂತ್ರಜ್ಞಾನ ಕೇಂದ್ರ 'ಅಸ್ತ್ರ'ದ ತಂಡವು ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಮನೆಮನೆಯ ಲೆಕ್ಕ ತೆಗೆದಾಗ, ಊರಿನ ಇಂಧನದ ಬಹುಭಾಗ ಅಡುಗೆಗೆ ಸುಡುವ ಸೌದೆಯೆಂದೂ, ಆ ಊರನ್ನು ನಡೆಸುವ ಮಾನವ ದುಡಿಮೆಯಲ್ಲಿ ಹೆಂಗಸರ ಪಾಲು ಗಂಡಸರದಕ್ಕಿಂತ ದೊಡ್ಡದೆಂದೂ ಕಂಡುಬಂತು. ಇದೇ ದೃಷ್ಟಿಯನ್ನು ರೆಡ್ಡಿ ಮತ್ತು ಸಂಗಡಿಗರು 1991ರಲ್ಲಿ ಇಡೀ ರಾಜ್ಯಕ್ಕೆ ವಿಸ್ತರಿಸಿದರು. ಬೇಡಿಕೆಯ ಹಳೆಯ ಏರಿಕೆಯನ್ನೇ ಮುಂದಕ್ಕೆ ಎಳೆಯುವ ಬದಲು ಯಾವ ಕೆಲಸಕ್ಕೆ ಎಷ್ಟು ವಿದ್ಯುತ್ತು ನಿಜವಾಗಿ ಬೇಕೆಂದು ಎಣಿಸುವ ಅವರ 'ಡಿಫೆಂಡಸ್' ವಿಧಾನವು, ಸರ್ಕಾರಿ ಸಮಿತಿಯೊಂದು 2000ನೇ ಇಸವಿಗೆ ಅಂದಾಜಿಸಿದ್ದರ ಅರ್ಧಕ್ಕಿಂತಲೂ ಕಡಿಮೆ ವಿದ್ಯುತ್ತು ಸಾಕೆಂದು ತೋರಿಸಿತು.

ರಾಜ್ಯದ 1999ರ ವಿದ್ಯುತ್ ಸುಧಾರಣಾ ಕಾಯ್ದೆಯೊಡನೆ ಅಧ್ಯಯನದ ಗಮನ ಸಂಸ್ಥೆಗಳ ಕಡೆಗೆ ತಿರುಗಿತು. ವಿದ್ಯುತ್ ಮಂಡಳಿಯ ಜಾಗಕ್ಕೆ ಪ್ರಸರಣ ನಿಗಮ ಬಂತು, ದರ ನಿಗದಿಗೆ ನಿಯಂತ್ರಣ ಆಯೋಗ ರಚನೆಯಾಯಿತು, 2002ರಲ್ಲಿ ವಿತರಣಾ ಕಂಪನಿಗಳಾದ ಎಸ್ಕಾಂಗಳು ಹುಟ್ಟಿದವು. ಆಯೋಗದ ಸಾರ್ವಜನಿಕ ವಿಚಾರಣೆ ಮತ್ತು ದರ ಆದೇಶಗಳು ಸಂಶೋಧಕರಿಗೆ ಹೊಸ ಆಕರಗಳಾದವು. ಈ ದಾಖಲೆಗಳಲ್ಲಿ ಮತ್ತೆಮತ್ತೆ ಎದುರಾಗುವ ತೊಡಕೆಂದರೆ ಮೀಟರ್ ಇಲ್ಲದ ಕೃಷಿ ಪಂಪ್‌ಸೆಟ್. ಹತ್ತು ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗಳಿಗೆ ವಿದ್ಯುತ್ತು ಉಚಿತವಾಗಿರುವುದರಿಂದ ಅದರ ವೆಚ್ಚವನ್ನು ಸರ್ಕಾರ ಸಹಾಯಧನವಾಗಿ ತುಂಬಬೇಕು, ಬಳಕೆಯೋ ಅಂದಾಜಿನದು. ಅಂದಾಜು ಹಿಗ್ಗಿದರೆ ತಂತಿಯ ಸೋರಿಕೆಯೂ ಕಳ್ಳತನವೂ ರೈತನ ಹೆಸರಿಗೆ ಜಮೆಯಾಗಿ, ಕಂಪನಿಯ ನಷ್ಟ ಕಾಗದದ ಮೇಲೆ ಕುಗ್ಗುತ್ತದೆ. ಅಳೆಯದೆ ಬಿಡುವುದರಿಂದ ಯಾರಿಗೆ ಲಾಭ ಎಂಬ ಪ್ರಶ್ನೆಗೆ ಉತ್ತರಿಸಲು ಎಂಜಿನಿಯರಿಂಗ್ ಒಂದೇ ಸಾಲದೆಂಬ ಅರಿವು ಇಲ್ಲಿ ಗಟ್ಟಿಯಾಯಿತು. ಕರ್ನಾಟಕದ ಆಚೆಗೂ ಇದೇ ದಿಕ್ಕಿನ ಕೆಲಸ ನಡೆಯಿತು: ರಾಜಕೀಯ ವಿಜ್ಞಾನಿ ಸುನಿಲಾ ಕಾಳೆ ತಮ್ಮ 2014ರ ಗ್ರಂಥದಲ್ಲಿ ಮಹಾರಾಷ್ಟ್ರ, ಒಡಿಶಾ, ಆಂಧ್ರಗಳನ್ನು ಹೋಲಿಸಿ, ವಿದ್ಯುದೀಕರಣದ ಏರುಪೇರಿಗೆ ಪ್ರಾದೇಶಿಕ ರಾಜಕಾರಣದಲ್ಲಿ ಕಾರಣ ಹುಡುಕಿದರೆ, 2018ರಲ್ಲಿ ಅವರೂ ನವರೋಜ್ ದುಬಾಶ್ ಮೊದಲಾದವರೂ ಸಂಪಾದಿಸಿದ 'ಮ್ಯಾಪಿಂಗ್ ಪವರ್' ಈ ಹೋಲಿಕೆಯನ್ನು 15 ರಾಜ್ಯಗಳಿಗೆ ಹರಡಿತು.

ಅಧ್ಯಯನದ ಈಚಿನ ಘಟ್ಟದ ಕೇಂದ್ರದಲ್ಲಿರುವುದು ಭೂಮಿ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ತಲೆಯೆತ್ತಿದ 2,050 ಮೆಗಾವಾಟ್ ಸೌರ ಉದ್ಯಾನಕ್ಕಾಗಿ ಜಮೀನನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾಗುವ ಗುತ್ತಿಗೆಗೆ ಪಡೆಯಲಾಯಿತು. ಬರಪೀಡಿತ ಸೀಮೆಯ ಭೂಮಾಲೀಕನಿಗೆ ಇದು ಖಚಿತ ವರಮಾನ. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದ, ಕುರಿ ಮೇಯಿಸುತ್ತಿದ್ದ ಭೂರಹಿತನ ಹೆಸರು ಗುತ್ತಿಗೆ ಪತ್ರದಲ್ಲಿ ಬರುವುದಿಲ್ಲ. ಪುರದಲ್ಲಿ ಸೌದೆಯ ಹೊರೆಯನ್ನೂ ಅದನ್ನು ಹೊತ್ತವರನ್ನೂ ಎಣಿಸಿದ ಪದ್ಧತಿ ಸೌರ ಉದ್ಯಾನಗಳಿಗೂ ಅನ್ವಯವಾದಾಗ ಮಾತ್ರ, ಅಗ್ಗವೆನ್ನಲಾಗುವ ಯೂನಿಟ್ಟಿನ ನಿಜವಾದ ಬೆಲೆಯನ್ನು ಈ ಶಿಸ್ತು ಹೇಳಬಲ್ಲದು.