ಸಕ್ಕರೆಯನ್ನು ಹೋಲುವ ಕಿಣ್ವನಿರೋಧಕ ಔಷಧಗಳು: ಸಾರ್ವಜನಿಕರಿಗೆ ಮಾಹಿತಿ

ಸಕ್ಕರೆಯ ಅಣುಗಳನ್ನು ಕತ್ತರಿಸುವ ಅಥವಾ ಜೋಡಿಸುವ ಕಾರ್ಯವನ್ನು ಕಿಣ್ವಗಳು, ಅಂದರೆ ಎನ್‌ಜೈಮ್‌ಗಳು, ನಿರ್ವಹಿಸುತ್ತವೆ. ಆಕಾರದಲ್ಲಿ ಸಕ್ಕರೆಯನ್ನು ಹೋಲುವ, ಆದರೆ ಸುಲಭವಾಗಿ ತುಂಡಾಗದ ಅಣುವೊಂದು ಆ ಕಿಣ್ವದಲ್ಲಿ ಸೇರಿಕೊಂಡಲ್ಲಿ ಅದರ ಕಾರ್ಯ ಸ್ಥಗಿತಗೊಳ್ಳುತ್ತದೆ. ಈ ತತ್ತ್ವದ ಮೇಲೆ ರೂಪಿಸಲಾದ ಕೆಲವು ಔಷಧಗಳು ಈಗಾಗಲೇ ಬಳಕೆಯಲ್ಲಿವೆ.

ಮಧುಮೇಹಿಗಳಿಗೆ ನೀಡಲಾಗುವ ಅಕಾರ್ಬೋಸ್ ಮತ್ತು ವೋಗ್ಲಿಬೋಸ್ ಮಾತ್ರೆಗಳು ಈ ವರ್ಗದವು. ಗದಗ ತಾಲ್ಲೂಕಿನ ಅಸುಂಡಿಯಂತಹ ಗ್ರಾಮಗಳಲ್ಲಿ ಜೋಳದ ರೊಟ್ಟಿಯೇ ಮುಖ್ಯ ಆಹಾರ. ರೊಟ್ಟಿಯ ಪಿಷ್ಟವು ಕರುಳಿನಲ್ಲಿ ಗ್ಲೂಕೋಸ್ ಆಗುವುದನ್ನು ಈ ಮಾತ್ರೆಗಳು ನಿಧಾನಗೊಳಿಸುತ್ತವೆ. ಆದಕಾರಣ ಇವುಗಳನ್ನು ಊಟದ ಆರಂಭದಲ್ಲಿಯೇ ಸೇವಿಸತಕ್ಕದ್ದು; ಊಟವಾದ ಬಹಳ ಹೊತ್ತಿನ ನಂತರ ಸೇವಿಸಿದರೆ ಪ್ರಯೋಜನವಾಗದು. ಹೊಟ್ಟೆಯುಬ್ಬರ ಸಾಮಾನ್ಯ.

ಈ ಮಾತ್ರೆಗಳ ಜೊತೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಪಡೆಯುತ್ತಿರುವವರ ಮನೆಯವರು ಒಂದು ಅಂಶವನ್ನು ಅವಶ್ಯವಾಗಿ ಗಮನಿಸಬೇಕು. ರಕ್ತದ ಸಕ್ಕರೆ ಕುಸಿದು ಬೆವರು, ನಡುಕ ಕಾಣಿಸಿಕೊಂಡಾಗ ಸಕ್ಕರೆ ಅಥವಾ ಬೆಲ್ಲ ಕೊಡುವುದು ರೂಢಿ. ಆದರೆ ಸಕ್ಕರೆಯನ್ನು ಒಡೆದು ಗ್ಲೂಕೋಸ್ ಬಿಡಿಸುವ ಕಿಣ್ವವನ್ನೇ ಮಾತ್ರೆಯು ತಡೆದಿರುವುದರಿಂದ ಅದು ಬೇಗನೆ ಫಲ ಕೊಡುವುದಿಲ್ಲ. ಔಷಧ ಅಂಗಡಿಯಲ್ಲಿ ದೊರೆಯುವ ಗ್ಲೂಕೋಸ್ ಪುಡಿಯನ್ನೇ ನೀರಿನಲ್ಲಿ ಕಲಸಿ ಕುಡಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು.

ರೇಷ್ಮೆ ಬೆಳೆಗಾರರಿಗೆ ಪರಿಚಿತವಾದ ಹಿಪ್ಪುನೇರಳೆ ಎಲೆಯಲ್ಲಿಯೂ, ಪಶ್ಚಿಮ ಘಟ್ಟದ ಏಕನಾಯಕ ಬಳ್ಳಿಯಲ್ಲಿಯೂ ಇಂತಹ ಅಣುಗಳಿವೆ. ಹಿಪ್ಪುನೇರಳೆಯ ಅಣುವಿನ ರಚನೆಯನ್ನೇ ಹೋಲುವ ಮಿಗ್ಲಿಟಾಲ್ ಔಷಧವಾಗಿದೆ. ಹಾಗೆಂದು ಎಲೆಯ ಕಷಾಯವನ್ನು ನಂಬಿ ಮಾತ್ರೆ ನಿಲ್ಲಿಸುವುದು ಸರಿಯಲ್ಲ. ಕಷಾಯದಲ್ಲಿ ಪ್ರಮಾಣ ನಿಶ್ಚಿತವಿರುವುದಿಲ್ಲ.

ಸೋಂಕಿನ ವಿಷಯದಲ್ಲಿ ಹೆಸರಿಸಬೇಕಾದುದು 2009ರ ಎಚ್1ಎನ್1 ಹಾವಳಿಯಲ್ಲಿ ಜನರಿಗೆ ಪರಿಚಯವಾದ ಒಸೆಲ್ಟಾಮಿವಿರ್. ಜೀವಕೋಶದ ಮೇಲಿನ ಸಿಯಾಲಿಕ್ ಆಮ್ಲವೆಂಬ ಸಕ್ಕರೆಯನ್ನು ಕತ್ತರಿಸಿಯೇ ಹೊಸ ವೈರಾಣುಗಳು ಹೊರಬರುತ್ತವೆ. ಈ ಔಷಧವು ಆ ಕತ್ತರಿಯನ್ನು ಕಟ್ಟಿಹಾಕುತ್ತದೆ. ರೋಗಲಕ್ಷಣ ಕಂಡ 48 ಗಂಟೆಗಳೊಳಗೆ ಆರಂಭಿಸಿದರೆ ಹೆಚ್ಚಿನ ಪ್ರಯೋಜನ. ಗರ್ಭಿಣಿಯರು, 65 ವರ್ಷ ಮೀರಿದವರು, ಮಧುಮೇಹ ಅಥವಾ ಹೃದ್ರೋಗ ಉಳ್ಳವರು ಜ್ವರ ಬಂದ ಕೂಡಲೇ ವೈದ್ಯರನ್ನು ಕಾಣಬೇಕು. ವೈದ್ಯರು ಅವಶ್ಯವೆಂದು ಕಂಡಲ್ಲಿ ಪರೀಕ್ಷಾ ವರದಿಗೆ ಕಾಯದೆ ಔಷಧ ಆರಂಭಿಸಬಹುದು. ಸಾಧಾರಣ ನೆಗಡಿಗೆ ಇದು ಬೇಕಿಲ್ಲ. 2017ರಿಂದ ಇದು ಎಚ್1 ಅನುಸೂಚಿಯಲ್ಲಿದ್ದು, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ.

ಅಪರೂಪದ ಆನುವಂಶಿಕ ಕಾಯಿಲೆಯಾದ ಗೋಶೆ ರೋಗಕ್ಕೆ, ಇತರ ಚಿಕಿತ್ಸೆ ಒಗ್ಗದ ವಯಸ್ಕರಲ್ಲಿ, ಮಿಗ್ಲುಸ್ಟಾಟ್ ಬಳಸಲಾಗುತ್ತದೆ. ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿ 2021ರಡಿ ಈ ರೋಗಕ್ಕೆ ನೆರವು ಕೋರುವವರು ನಿಯೋಜಿತ ಉತ್ಕೃಷ್ಟತಾ ಕೇಂದ್ರದಲ್ಲಿ ತಪಾಸಣೆಗೆ ಒಳಪಡಬೇಕು. ರಾಜ್ಯದಲ್ಲಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಆಸ್ಪತ್ರೆಗಳನ್ನು ಜಂಟಿಯಾಗಿ ಹೀಗೆ ಗುರುತಿಸಲಾಗಿದೆ. 2022ರಲ್ಲಿ ನೆರವಿನ ಮಿತಿಯನ್ನು 50 ಲಕ್ಷ ರೂಪಾಯಿಗಳಿಗೆ ಏರಿಸಲಾಗಿದ್ದು, ಹಣವು ಅರ್ಜಿದಾರರ ಕೈಗೆ ಬರದೆ ಚಿಕಿತ್ಸೆಗಾಗಿ ಕೇಂದ್ರಕ್ಕೇ ಸಂದಾಯವಾಗುತ್ತದೆ.